ಮೈನಸ್ 45 ಯಾಕಲ್ಲ?

ಹತ್ತನೇ ಕ್ಲಾಸಿನ ನನ್ನ ಮಗಳ ಫೋನಿನಲ್ಲಿ ರಾತ್ರಿ ಒಂಬತ್ತಾದರೆ ಒಂದು ಸಂತೆ ನೆರೆಯುತ್ತದೆ. ಹನ್ನೊಂದು ಮಕ್ಕಳ ವಾಟ್ಸಾಪ್ ಗುಂಪು. ತಮಿಳು, ತೆಲುಗು, ಹಿಂದಿ ಮನೆಗಳ ಹುಡುಗಿಯರು, ಕನ್ನಡದವಳು ಇವಳೊಬ್ಬಳೇ. ಹೋಮ್‌ವರ್ಕಿನ ಫೋಟೊಗಳು ಬರುತ್ತಲೇ ಇರುತ್ತವೆ, ಹೋಗುತ್ತಲೇ ಇರುತ್ತವೆ. ಚೆನ್ನೈಗೆ ಬಂದ ಹೊಸತರಲ್ಲಿ ತಮಿಳು ಬಾರದೆ ಮೂಲೆ ಹಿಡಿದು ಕೂರುತ್ತಿದ್ದವಳಿಗೆ ಗೆಳತಿಯರು ಸಿಕ್ಕಿದ್ದು ಈ ಸಂತೆಯಿಂದಲೇ. ಹಾಗಾಗಿ ನಾನು ಅದನ್ನು ಬೈಯುವ ಹಾಗಿಲ್ಲ.

ಕಳೆದ ತಿಂಗಳು ಒಂದು ಲೆಕ್ಕ ಬಂತು. ರೈಲೊಂದು 360 ಕಿಲೋಮೀಟರ್ ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ. ವೇಗ ಗಂಟೆಗೆ 5 ಕಿಲೋಮೀಟರ್ ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ವೇಗ ಎಷ್ಟು? ಸಮೀಕರಣ ಬಿಡಿಸಿದರೆ ಎರಡು ಬೆಲೆ ಸಿಗುತ್ತವೆ, 40 ಮತ್ತು ಮೈನಸ್ 45. ಯಾವುದನ್ನು ಬರೆಯಲಿ ಎಂದು ಒಬ್ಬಳು ಕೇಳಿದಳು. ಮೂವರು ಒಟ್ಟಿಗೆ 40 ಎಂದು ಹಾಕಿದರು. ನನ್ನ ಮಗಳು ಮಾತ್ರ, "ಮೈನಸ್ 45 ಯಾಕಲ್ಲ, ನೀನೇ ಯೋಚಿಸು" ಎಂದು ಬರೆದಳು. "ಟೀಚರ್ ಥರ ಆಡಬೇಡ" ಎಂದು ಜವಾಬು ಬಂತು. ಮಾರನೆಯ ದಿನ ಊಟದ ಹೊತ್ತಿನಲ್ಲಿ ಆ ಗೆಳತಿ ಇವಳ ಪಕ್ಕ ಕೂರಲಿಲ್ಲ.

"ಸುಮ್ನೆ ಹೇಳ್ಬಿಟ್ಟಿದ್ರೆ ಏನಾಗ್ತಿತ್ತಪ್ಪ?" ಎಂದಳು.

ನೀನು ಮಾಡಿದ್ದೇ ಸರಿ, ಉತ್ತರ ಕೊಡುವುದು ಸಹಾಯವಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇದೇ ಊರಿನ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ ನೆನಪಾದರು. ಕುಂಭಕೋಣದಲ್ಲಿ ಹದಿನಾರರ ಹುಡುಗನಾಗಿದ್ದಾಗ ಅವರ ಕೈಗೆ ಸಿಕ್ಕಿದ್ದು ಕಾರ್ ಎಂಬಾತನ ಪುಸ್ತಕ. ಕೇಂಬ್ರಿಜ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಟ್ಯೂಷನ್ ಮೇಷ್ಟ್ರು ಆತ. ಸುಮಾರು 5000 ಸೂತ್ರಗಳನ್ನು ಸಾಲಾಗಿ ಜೋಡಿಸಿದ್ದ. ಹೇಗೆ ಬಂತು ಎಂಬ ವಿವರಣೆ ತೀರಾ ಕಡಿಮೆ. ನಮ್ಮ ಕಾಲದ ಗೈಡ್ ಎಂದರೂ ನಡೆದೀತು. ಬರೀ ಉತ್ತರಗಳ ಆ ಪುಸ್ತಕವೇ ರಾಮಾನುಜನ್‌ರನ್ನು ಬೆಳೆಸಿತು, ದಾರಿಯನ್ನು ಅವರೇ ಕಡಿದುಕೊಳ್ಳಬೇಕಾಗಿ ಬಂದದ್ದರಿಂದ. ಮುಂದೆ 1913ರ ಜನವರಿಯಲ್ಲಿ ಅವರು ಹಾರ್ಡಿಗೆ ಬರೆದ ಕಾಗದದಲ್ಲೂ ಬಹುಪಾಲು ಬರೀ ಫಲಿತಾಂಶಗಳೇ ಇದ್ದವು. ಹಾರ್ಡಿ ತಿರುಗಿ ಕೇಳಿದ್ದು ಸಾಧನೆಗಳನ್ನು.

ಎಲ್ಲ ಮಕ್ಕಳೂ ರಾಮಾನುಜನ್ ಅಲ್ಲ, ಸರಿ. ಆದರೂ ಗಣಿತದಲ್ಲಿ ಕೊಟ್ಟ ಉತ್ತರ ಪೂರ್ತಿ ಹಾಳಾಗುವುದಿಲ್ಲ. 40 ಎಂದರೆ 360 ಕಿಲೋಮೀಟರಿಗೆ 9 ಗಂಟೆ. 45 ಎಂದರೆ 8 ಗಂಟೆ. ಯಾರು ಹೇಳಿದರೂ, ಯಾವ ಜಾಣೆ ಹೇಳಿದರೂ, ಅರ್ಧ ನಿಮಿಷದಲ್ಲಿ ಪರೀಕ್ಷಿಸಿ ನೋಡಬಹುದು. ತೆಗೆದುಕೊಂಡವಳಿಗೆ ಮನಸ್ಸಿದ್ದರೆ ಹಿಂದಕ್ಕೆ ನಡೆದು ದಾರಿ ಕಂಡುಕೊಳ್ಳಬಹುದು. "ಮುಂದಿನ ಸಲ 40 ಅಂತಾನೇ ಹೇಳು. ಆಮೇಲೆ ಹಾಕಿ ನೋಡು ಅನ್ನು" ಎಂದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ವಾರ ಅದೇ ಗುಂಪಿಗೆ ಇತಿಹಾಸದ ಉತ್ತರವೊಂದನ್ನು ಇವಳೇ ಕಳಿಸಿದ್ದಳು. ಯಾವ ಜಗಳವೂ ಆಗಿರಲಿಲ್ಲ. ಅಸಹಕಾರ ಚಳವಳಿಯನ್ನು 1922ರ ಫೆಬ್ರವರಿಯಲ್ಲಿ ಗಾಂಧೀಜಿ ಯಾಕೆ ನಿಲ್ಲಿಸಿದರು, ಅದು ಸರಿಯೇ, ನಿನ್ನ ಅಭಿಪ್ರಾಯ ಬರೆ ಎಂಬ ಪ್ರಶ್ನೆ. ಉತ್ತರ ಹೇಳಿಕೊಟ್ಟವನು ನಾನು, ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ: ಜನ ಇನ್ನೂ ಅಹಿಂಸೆಗೆ ಸಿದ್ಧರಿರಲಿಲ್ಲ, ಆದ್ದರಿಂದ ಸರಿ. ಈಗ ಹನ್ನೊಂದು ನೋಟ್‌ಬುಕ್ಕುಗಳಲ್ಲಿ "ನನ್ನ ಅಭಿಪ್ರಾಯದಲ್ಲಿ" ಎಂದು ಶುರುವಾಗಿ ನನ್ನ ವಾಕ್ಯವೇ ಇದೆ. ಅದು ನನ್ನದೂ ಅಲ್ಲ. ಎಂದೋ ಬಾಯಿಪಾಠ ಮಾಡಿದ ಗೈಡಿನದು.

ವಾಕ್ಯ ತಪ್ಪೆಂದು ನಾನು ಹೇಳುತ್ತಿಲ್ಲ. ಚೌರಿಚೌರಾದಲ್ಲಿ ಪೊಲೀಸರು ಗುಂಡು ಹಾರಿಸಿದರು, ಗುಂಪು ಠಾಣೆಗೆ ಬೆಂಕಿಯಿಟ್ಟಿತು, ಪೊಲೀಸರು ಸುಟ್ಟು ಸತ್ತರು. ಚಳವಳಿ ನಿಂತದ್ದಕ್ಕೆ ಜೈಲಿನಲ್ಲಿದ್ದ ಮೋತಿಲಾಲ್ ನೆಹರೂ, ಲಾಲಾ ಲಜಪತ ರಾಯ್ ಸಿಟ್ಟಾದರು. ಸೆಷನ್ಸ್ ಕೋರ್ಟು 172 ಜನರಿಗೆ ಗಲ್ಲು ವಿಧಿಸಿತು, ಕೊನೆಗೆ 19 ಜನರನ್ನು ನೇಣಿಗೆ ಹಾಕಿದರು. ಇಷ್ಟನ್ನೂ ಎದುರಿಗಿಟ್ಟುಕೊಂಡು ಹದಿನೈದರ ಹುಡುಗಿಯೊಬ್ಬಳು ಸರಿ ಅಥವಾ ತಪ್ಪು ಅನ್ನಬೇಕಿತ್ತು. ಇಲ್ಲಿ 40 ಹಾಕಿ ತಾಳೆ ನೋಡುವ ದಾರಿಯಿಲ್ಲ. ಬೇರೆಯವರ ತೀರ್ಮಾನವನ್ನು ಬರೆದುಕೊಂಡ ಮೇಲೆ ಹಿಂದಕ್ಕೆ ನಡೆಯಲು ಹೆಜ್ಜೆ ಗುರುತೂ ಇರುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಲೆಕ್ಕ ಕಾಪಿ ಹೊಡೆದರೆ ಮಾತ್ರ ಗಲಾಟೆ. ಇತಿಹಾಸ ತಾನೆ, ಬರೆದುಕೊಳ್ಳಲಿ ಬಿಡು ಅನ್ನುತ್ತೇವೆ.

ಇಸವಿಯಾದರೆ ತಿದ್ದಬಹುದು. ಎಂಟನೇ ಕ್ಲಾಸಿನಲ್ಲಿ ನಾನು ಶ್ರೀರಂಗಪಟ್ಟಣ ಬಿದ್ದದ್ದು 1789ರಲ್ಲಿ ಎಂದು ಬರೆದಿದ್ದೆ, ದೊಡ್ಡಪ್ಪನ ಮಗನ ಹಳೇ ನೋಟ್ಸಿನಿಂದ ಇಳಿಸಿ. ಬೆಂಚಿನ ಗೆಳೆಯ ನನ್ನದನ್ನು ಇಳಿಸಿದ. ಮೇಷ್ಟರು ನನ್ನ 8ನ್ನು ಕೆಂಪು ಪೆನ್ನಿನಲ್ಲಿ 9 ಮಾಡಿ, ಕೈತಪ್ಪು ಎಂದರು. ಅವನ ಅಂಗೈಗೆ ನಾಲ್ಕು ಏಟು ಬಿತ್ತು. ನಾನು ಮೇಷ್ಟರ ಮಗ, ಅವನು ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುವವರ ಮಗ. ನಾನೂ ಕಾಪಿ ಹೊಡೆದಿದ್ದೇನೆ ಸಾರ್ ಎಂದು ಎದ್ದು ನಿಲ್ಲಲು ಒಂದು ಕ್ಷಣ ಸಾಕಿತ್ತು. ಕೂತೇ ಇದ್ದೆ. ಅವನು ಒಂದು ಮಾತೂ ಆಡಲಿಲ್ಲ, ಮರುದಿನದಿಂದ ನನ್ನ ನೋಟ್ಸನ್ನೂ ಕೇಳಲಿಲ್ಲ. ಅವನಿಗೆ ನಾನು ಮಾಡಿದ್ದು ಸಹಾಯವೆಂದು ಬಹಳ ದಿನ ನಂಬಿಕೊಂಡಿದ್ದೆ.

ಇದನ್ನು ಮಗಳಿಗೆ ಹೇಳಿದೆ. ಚೌರಿಚೌರಾ ಕಥೆಯನ್ನೂ ಹೇಳಿ, "ನಿಂಗೇನನ್ಸತ್ತೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಲ್ಲಿಸಿದ್ದು ಸರಿ ಇರಬಹುದು, ಆದ್ರೆ ಆ ಹತ್ತೊಂಬತ್ತು ಜನಕ್ಕೆ ಏನು ಹೇಳೋದು?" ಎಂದಳು. ಹಳೆಯ ಉತ್ತರಕ್ಕೆ ಗೀಟು ಹಾಕಿ, ಎರಡು ಸಲ ಹೊಡೆದುಹಾಕಿ, ಅರ್ಧ ಪುಟ ಬರೆದಳು.

ಗುಂಪಿನಲ್ಲೂ ಹಾಕಿದಳು: ನಾನು ಕಳಿಸಿದ್ದು ಅಪ್ಪನ ಉತ್ತರ, ನಿಮಗೆ ಏನನ್ನಿಸುತ್ತೆ ಅಂತ ಬರೀರಿ. ಒಂಬತ್ತು ಜನ ನೋಡಿ ಸುಮ್ಮನಾದರು. ಹತ್ತೂ ಮುಕ್ಕಾಲಿಗೆ ಆ ಲೆಕ್ಕದ ಗೆಳತಿಯಿಂದ ಬೇರೆಯಾಗಿ ಮೆಸೇಜ್ ಬಂತು. ಅಮ್ಮನಿಗೆ ಜ್ವರ, ಅಡುಗೆ ಮುಗಿಸಿ ಈಗ ಕೂತಿದ್ದೇನೆ, ನಿನ್ನ ಹೊಸ ಉತ್ತರದ ಫೋಟೊ ಕಳಿಸು, ಪ್ಲೀಸ್.

ಮಗಳು ನನ್ನ ಮುಖ ನೋಡಿದಳು. ನನಗೆ ಏನೂ ಹೇಳಲು ತೋಚಲಿಲ್ಲ. ಅವಳು ಫೋಟೊ ಕಳಿಸಿ, ಅಮ್ಮನಿಗೆ ಈಗ ಹೇಗಿದೆ ಎಂದು ಫೋನ್ ಮಾಡಿದಳು.