ಜೀವ, ಬದುಕು, ಬಾಳು

ಆಂಗ್ಲಭಾಷೆಯಲ್ಲಿ ‘ಲೈಫ್’ ಎಂಬುದೊಂದು ಶಬ್ದವುಂಟು. ಪ್ರಾಣಕ್ಕೂ ಅದೇ, ಆಯುಷ್ಯಕ್ಕೂ ಅದೇ, ಸಂಸಾರ ಸಾಗಿಸುವ ರೀತಿಗೂ ಮಹಾಪುರುಷರ ಚರಿತ್ರೆಗೂ ಅದೇ. ನಮ್ಮ ನುಡಿಯಾದರೋ ಇವುಗಳನ್ನು ಬೇರ್ಪಡಿಸಿ ಹೇಳುತ್ತದೆ; ಈ ಭೇದವು ವಿಚಾರಾರ್ಹವಾದುದು.

‘ಜೀವ್’ ಧಾತುವಿಗೆ ಪ್ರಾಣವನ್ನು ಧರಿಸುವುದೆಂದರ್ಥ. ಆದಕಾರಣ ಜೀವವು ರಾಣೇಬೆನ್ನೂರಿನ ಕೃಷ್ಣಮೃಗಕ್ಕೂ ಉಂಟು, ಮನುಷ್ಯನಿಗೂ ಉಂಟು. ಆಯುಷ್ಯವು ಕೇವಲ ಕಾಲದ ಅಳತೆ. ಬದುಕುವುದೆಂದರೆ ಸಾವಿಗೆ ಸಿಕ್ಕದೆ ಉಳಿಯುವುದು. ಉಳಿಯಲು ಬೇಕಾದ ಉದ್ಯೋಗವನ್ನೂ ಆಸ್ತಿಯನ್ನೂ ಜನರು ಬದುಕೆಂದೇ ಕರೆಯುತ್ತಾರೆ. ‘ಬಾಳು’ ಎಂಬುದರ ಸ್ವಾರಸ್ಯವೇ ಬೇರೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಇಷ್ಟು ಬೆಲೆ ಬಾಳುತ್ತದೆನ್ನುವರು. ಬಟ್ಟೆಯು ಬಹುದಿನ ಬಾಳಿಕೆ ಬಂದಿತೆನ್ನುವರು. ಇರವು, ಬೆಲೆ, ತಾಳಿಕೆ ಮೂರೂ ಒಂದೇ ಧಾತುವಿನಲ್ಲಿ ಕೂಡಿವೆ.

ಹಾಗಾದರೆ ಜೀವ ಹೋದೊಡನೆ ಬಾಳೂ ಹೋಯಿತೇ? ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ೧೯೧೧ರಲ್ಲಿ ಜನಿಸಿದ ಮೈಲಾರ ಮಹಾದೇವಪ್ಪನವರು ೧೯೩೦ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದರು. ೧೯೪೩ರ ಏಪ್ರಿಲ್ ೧ರಂದು ಹಾವೇರಿಯ ಸಮೀಪದ ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಜೀವ ತೆತ್ತರು. ಆಯುಷ್ಯವು ೩೨ ತುಂಬಿರಲಿಲ್ಲ. ಬದುಕನ್ನು ದೇಶಕ್ಕೊಪ್ಪಿಸಿದ್ದರು. ಅವರ ಬಾಳಾದರೋ ಈ ಸೀಮೆಯಲ್ಲಿ ಇಂದಿಗೂ ಬೆಲೆ ಬಾಳುತ್ತಿದೆ.

ಎಲ್ಲರೂ ಪ್ರಾಣಾರ್ಪಣ ಮಾಡಬೇಕೆಂದು ಇದರ ತಾತ್ಪರ್ಯವಲ್ಲ. ಜೀವವಿಲ್ಲದೆ ಬಾಳನ್ನು ಕಟ್ಟುವುದೆಂತು? ಹಸಿದವನಿಗೆ ಬದುಕೇ ಮೊದಲನೆಯ ಧರ್ಮ. ಆದರೆ ಹೊಟ್ಟೆ ತುಂಬಿದ ಮೇಲೂ ಬದುಕನ್ನೇ ಬೆಳೆಸುತ್ತ ಹೋಗುವವನು ಬಾಳಿದನೆನ್ನಲಾಗದು. ಮಕ್ಕಳಿಗೆ ನಾವು ಬದುಕಲು ಕಲಿಸುತ್ತಿದ್ದೇವೆ, ಅದು ಯುಕ್ತವೇ. ಬಾಳಲು ಕಲಿಸುತ್ತಿದ್ದೇವೆಯೇ ಎಂಬುದನ್ನು ವಾಚಕರು ತಮ್ಮ ತಮ್ಮ ಮನೆಗಳಲ್ಲಿಯೇ ವಿಚಾರಿಸತಕ್ಕದ್ದು.