ಪರಿಚಿತರ ನಡುವಿನ ಕಾಯಕ

ಅಪರಿಚಿತರೊಡನೆ ವ್ಯವಹರಿಸುವುದು ಸುಲಭ. ಸಂತೆಯಲ್ಲಿ ಒಮ್ಮೆ ಕಂಡವನನ್ನು ಮತ್ತೊಮ್ಮೆ ಕಾಣುವ ನಂಬಿಕೆಯಿಲ್ಲ. ಆದುದರಿಂದ ಕೊಡುವವನೂ ಎಣಿಸಿ ಕೊಡುತ್ತಾನೆ, ಕೊಳ್ಳುವವನೂ ಎಣಿಸಿ ಕೊಳ್ಳುತ್ತಾನೆ. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಆದರೆ ಒಂದೇ ಬೀದಿಯಲ್ಲಿ ಹುಟ್ಟಿ, ಅದೇ ಬೀದಿಯಲ್ಲಿ ಅಂಗಡಿಯಿಟ್ಟು, ಅದೇ ಬೀದಿಯವರ ಬಟ್ಟೆ ಹೊಲಿಯುವ ದರ್ಜಿಗೆ, ಕೂದಲು ಕತ್ತರಿಸುವ ಕ್ಷೌರಿಕನಿಗೆ, ಸೈಕಲ್ಲು ದುರಸ್ತಿ ಮಾಡುವವನಿಗೆ, ಇಸ್ತ್ರಿ ಮಾಡುವವನಿಗೆ ಈ ಸೌಲಭ್ಯವಿಲ್ಲ. ಅಂಗಡಿಗೆ ಬಂದವನು ಒಮ್ಮೆ ಬಾಲ್ಯದ ಗೆಳೆಯ, ಇನ್ನೊಮ್ಮೆ ಹೆಂಡತಿಯ ಸೋದರಮಾವ, ಮಗದೊಮ್ಮೆ ಮಗಳಿಗೆ ವರನನ್ನು ತೋರಿಸಿಕೊಟ್ಟ ಹಿರಿಯ. ಬೆಲೆಯೆಂಬ ಮಾತು ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಕಾಯಕಜೀವಿಯ ನಿಜವಾದ ಪರೀಕ್ಷೆ ನಡೆಯುವುದು ಇಂತಹ ಸಂಕೋಚದ ಸ್ಥಳದಲ್ಲಿಯೇ.

ಈ ಪರೀಕ್ಷೆಯನ್ನು ದೀರ್ಘಕಾಲ ಎದುರಿಸಿದ ಊರುಗಳಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶವೂ ಅದರ ನೆರೆಯ ಬಂಗಾರಪೇಟೆಯೂ ಮುಖ್ಯವಾದುವು. ಬಂಗಾರಪೇಟೆಯ ಹೆಸರನ್ನು ಕೇಳಿದವರು ಅಲ್ಲಿ ಬಂಗಾರ ದೊರೆಯುವುದೆಂದು ಭಾವಿಸುವುದುಂಟು. ಅದು ಮೊದಲು ಬೌರಿಂಗ್ ಎಂಬ ಆಂಗ್ಲ ಕಮಿಷನರನ ಹೆಸರಿನಿಂದ ಬೌರಿಂಗ್ ಪೇಟೆಯೆನಿಸಿ, ಜನರ ಬಾಯಲ್ಲಿ ಬಂಗಾರಪೇಟೆಯಾಯಿತು. ಹೆಸರಿನಲ್ಲಿ ಬಂಗಾರವಿದ್ದುದು ಇಲ್ಲಿ. ನೆಲದಲ್ಲಿದ್ದುದು ಕೆಲವು ಮೈಲಿಗಳಾಚೆ. ಜಾನ್ ಟೇಲರ್ ಸಂಸ್ಥೆಯವರು 1880ನೆಯ ಇಸವಿಯಲ್ಲಿ ಗಣಿಯ ಕೆಲಸಕ್ಕೆ ಕೈಹಾಕಿದರು. 1894ರಲ್ಲಿ ಬೌರಿಂಗ್ ಪೇಟೆಯಿಂದ ಗಣಿಗೆ ರೈಲು ಮಾರ್ಗವಾಯಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿ ಬಂದಿತು. ಬೇತಮಂಗಲದ ಕೆರೆಯಿಂದ ನೀರು ಬಂದಿತು. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. ಚರಿತ್ರೆಯ ಪುಸ್ತಕಗಳು ಇವನ್ನೆಲ್ಲ ಹೇಳುತ್ತವೆ. ಆದರೆ ಪಾತಾಳಕ್ಕಿಳಿದು ಬಂದವನ ಗಡ್ಡವನ್ನು ಬೋಳಿಸಿದವರಾರು, ಹರಿದ ಅಂಗಿಗೆ ತೇಪೆ ಹಾಕಿದವರಾರು, ಸವೆದ ಪಾದರಕ್ಷೆಗೆ ಅಟ್ಟೆ ಹೊಡೆದವರಾರು ಎಂಬುದನ್ನು ಅವು ಹೇಳುವುದು ವಿರಳ.

ಗಣಿ ಕಾರ್ಮಿಕರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದವರು; ತೆಲುಗು ಮಾತಿನವರೂ ಕನ್ನಡಿಗರೂ ಅವರೊಡನೆ ಇದ್ದರು. ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳಲ್ಲಿ ಅವರ ವಾಸ. ಒಂದು ಮನೆಯ ಒಗ್ಗರಣೆಯ ವಾಸನೆ ನಾಲ್ಕು ಮನೆಗಳಿಗೆ ತಿಳಿಯುವಂತಹ ಬಾಳು. ರಾಬರ್ಟ್‌ಸನ್ ಪೇಟೆ, ಆಂಡರ್ಸನ್ ಪೇಟೆಗಳ ಅಂಗಡಿಗಳು ಈ ಮನೆಗಳನ್ನು ನಂಬಿ ನಿಂತವು, ಈ ಮನೆಗಳು ಅಂಗಡಿಗಳನ್ನು ನಂಬಿ ನಡೆದವು. ವ್ಯವಹಾರವು ಬಹುಮಟ್ಟಿಗೆ ಉದ್ದರಿಯದು. ಸಂಬಳದ ದಿನ ಬಂದಾಗ ಬಾಕಿ ತೀರುವುದು, ಮರುದಿನ ಹೊಸ ಬಾಕಿ ಹುಟ್ಟುವುದು. ಅಂಗಡಿಕಾರನ ಖಾತೆಯ ಪುಸ್ತಕವೆಂದರೆ ಊರಿನ ಪುರಾಣವಿದ್ದಂತೆ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಕುಡಿತಕ್ಕೆ ಬಿದ್ದರು ಎಂಬುದೆಲ್ಲ ಅದರಲ್ಲಿ ಅಂಕೆಗಳಾಗಿ ಕುಳಿತಿರುತ್ತಿತ್ತು.

2001ನೆಯ ಇಸವಿಯ ಫೆಬ್ರವರಿ ತಿಂಗಳ ಕೊನೆಯಲ್ಲಿ ಗಣಿಯು ಮುಚ್ಚಿತು. ನೂರಿಪ್ಪತ್ತು ವರ್ಷಗಳ ಕಾಲ ಎಂಟುನೂರು ಟನ್ನುಗಳಷ್ಟು ಚಿನ್ನವನ್ನು ಕೊಟ್ಟ ನೆಲವು ಸಯನೈಡ್ ಮಣ್ಣಿನ ದಿಬ್ಬಗಳನ್ನು ಮಾತ್ರ ಉಳಿಸಿಕೊಂಡಿತು. ಕಾರ್ಮಿಕರು ತಮಗೆ ಸಲ್ಲಬೇಕಾದ ಹಣಕ್ಕಾಗಿ ವರ್ಷಗಟ್ಟಲೆ ಕಾದರು. ಸಂಬಳದ ದಿನವೆಂಬುದೇ ಇಲ್ಲವಾದ ಮೇಲೆ ಆ ಖಾತೆಯ ಪುಸ್ತಕಗಳ ಗತಿಯೇನು? ಕಾಯಕವನ್ನು ಕುರಿತು ಆಲೋಚಿಸುವ ಭಕ್ತರು ತಪ್ಪಿಸಿಕೊಳ್ಳಲಾಗದ ಪ್ರಶ್ನೆಯಿದು.

ಅಲ್ಲಿಯ ಒಬ್ಬ ದರ್ಜಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ವಿಷಯವು ವಿಶದವಾಗುತ್ತದೆ. ಒಂದೇ ಹೊಲಿಗೆ ಯಂತ್ರ, ಒಂದು ಬೆಂಚು, ಗೋಡೆಯ ಮೇಲೊಂದು ಬಸವಣ್ಣನವರ ಪಟ. ಅವನ ಪುಸ್ತಕದಲ್ಲಿ ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟು ತೀರಿಹೋದವನೊಬ್ಬನ ಬಾಕಿಯಿದೆ. ಅವನ ಹೆಂಡತಿ ಎದುರು ಸಾಲಿನಲ್ಲಿಯೇ ಇದ್ದಾಳೆ. ಅದೇ ಪುಟದಲ್ಲಿ ಸುಸ್ಥಿತಿಯಲ್ಲಿರುವ ಸಂಬಂಧಿಕನೊಬ್ಬನ ಬಾಕಿಯೂ ಇದೆ. ಅವನು ಎದುರಾದಾಗಲೆಲ್ಲ ಬೆನ್ನು ತಟ್ಟಿ, 'ನೀನು ನಮ್ಮವನೇ ಅಲ್ಲವೇ' ಎಂದು ಮುಂದೆ ಸಾಗುತ್ತಾನೆ. ದರ್ಜಿಯು ಇಬ್ಬರಲ್ಲಿಯೂ ಕೇಳಲಾರ. ಕೇಳದಿರುವುದನ್ನೇ ದಾಸೋಹವೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಇದು ದಾಸೋಹವೇ? ಶರಣರ ಚರಿತ್ರೆಯನ್ನು ನೋಡಿದರೆ ಹಾಗೆ ಹೇಳಲು ಧೈರ್ಯ ಬಾರದು.

ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣ. ಅವನ ಕಥೆಯನ್ನು ಪರಂಪರೆಯು ಹೀಗೆ ಹೇಳುತ್ತದೆ: ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವು ಜಾರಿ ಬಿದ್ದಿತು. ಚಂದಯ್ಯನು ಅದನ್ನೆತ್ತಿಕೊಳ್ಳದೆ ಕಾಯಕಕ್ಕೆ ಹೊತ್ತಾಯಿತೆಂದು ನಡೆದುಬಿಟ್ಟನು. ಲಿಂಗವೇ ಅವನ ಹಿಂದೆ ಬಂದಿತು. ಮಡಿವಾಳ ಮಾಚಯ್ಯನು ನಡುವೆ ಬಂದು ಹೇಳಿದ ಮೇಲೆ ಚಂದಯ್ಯನು ಒಪ್ಪಿದನು. ಆದರೆ ಲಿಂಗವೂ ದುಡಿಯಬೇಕೆಂದು ಹಗ್ಗವನ್ನು ಕೊಟ್ಟು ಮಾರಿ ಬರಲು ಕಳುಹಿಸಿದನು. ಬಸವಣ್ಣನವರು ಆ ಹಗ್ಗಕ್ಕೆ ವಾಡಿಕೆಯ ಬೆಲೆಯನ್ನು ಬಹುವಾಗಿ ಮೀರಿದ ಹೊನ್ನನ್ನು ಕೊಟ್ಟರು. ಚಂದಯ್ಯನು ಹಿಗ್ಗಲಿಲ್ಲ. ಹಗ್ಗದ ಬೆಲೆ ಎಷ್ಟೋ ಅಷ್ಟು ಸಾಕು, ಮಿಕ್ಕುದು ತನ್ನದಲ್ಲವೆಂದು ಕಡ್ಡಿ ಮುರಿದಂತೆ ಹೇಳಿದನು.

ಆಯ್ದಕ್ಕಿ ಮಾರಯ್ಯನ ಪ್ರಸಂಗವೂ ಇದೇ ಜಾತಿಯದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಅವನ ಸತಿ ಲಕ್ಕಮ್ಮನು ಅಳತೆ ನೋಡಿದೊಡನೆಯೇ ಸಂಶಯಪಟ್ಟು, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಂದು ಬೇಕೆಂದೇ ಹೆಚ್ಚು ಚೆಲ್ಲಿಸಿದವರು ಬಸವಣ್ಣನವರೆಂದು ಹೇಳುವುದುಂಟು.

ಈ ಎರಡು ಕಥೆಗಳನ್ನು ಲೋಭತ್ಯಾಗದ ನಿದರ್ಶನಗಳೆಂದು ಹೇಳಿ ಮುಗಿಸುವುದು ವಾಡಿಕೆ. ಅದು ಸರಿಯೇ; ಆದರೆ ಅಷ್ಟಕ್ಕೇ ನಿಲ್ಲುವುದು ಸಾಲದು. ಎರಡರಲ್ಲಿಯೂ ಹೆಚ್ಚು ಕೊಟ್ಟವರು ಯಾರು? ಲಂಚ ಕೊಡುವ ಅಧಿಕಾರಿಯಲ್ಲ, ಮೋಸಗಾರ ಸೆಟ್ಟಿಯಲ್ಲ, ಸಾಕ್ಷಾತ್ ಬಸವಣ್ಣನವರು. ಅವರ ಉದ್ದೇಶವು ಕರುಣೆಯಿಂದ ತುಂಬಿದುದು. ಹಾಗಿದ್ದೂ ಶರಣರು ಒಪ್ಪಲಿಲ್ಲ. ಏಕೆಂದರೆ ಅಲ್ಲಿ ದಾನವು ಕೂಲಿಯ ವೇಷ ಹಾಕಿಕೊಂಡು ಬಂದಿತ್ತು. ದಾಸೋಹಕ್ಕೆ ತನ್ನದೇ ಆದ ಬಾಗಿಲಿದೆ, ಕಾಯಕಕ್ಕೆ ತನ್ನದೇ ಆದ ಬಾಗಿಲಿದೆ. ಒಂದರ ಬಾಗಿಲಲ್ಲಿ ಇನ್ನೊಂದು ನುಸುಳಿದರೆ ಎರಡೂ ಮೈಲಿಗೆಯಾಗುತ್ತವೆ. ಹಗ್ಗಕ್ಕೆ ಹಗ್ಗದ ಬೆಲೆ; ಅದರ ಮೇಲೆ ಚಂದಯ್ಯನು ಜಂಗಮರಿಗೆ ಏನನ್ನು ನೀಡಿದನೋ ಅದು ಬೇರೆ ಲೆಕ್ಕ.

ಹೆಚ್ಚನ್ನು ಹಿಂದಿರುಗಿಸಬೇಕಾದರೆ ಕಡಿಮೆಯ ವಿಷಯದಲ್ಲಿ ಏನು ಹೇಳಬೇಕು? ತಕ್ಕಡಿಯು ಒಂದೇ ಕಡೆಗೆ ವಾಲಿದರೆ ಮಾತ್ರ ತಪ್ಪೆಂದು ಯಾರೂ ಹೇಳಲಾರರು. ಸಂಬಂಧಿಕನ ಬಾಕಿಯನ್ನು ಕೇಳದೆ ಬಿಟ್ಟ ದರ್ಜಿಯು ಏನು ಮಾಡುತ್ತಾನೆ? ಮುಂದಿನ ಸಲ ಅವನ ಬಟ್ಟೆಯನ್ನು ಕೊನೆಗೆ ಹೊಲಿಯುತ್ತಾನೆ. ಗುಂಡಿಯನ್ನು ಎರಡೇ ಸುತ್ತು ದಾರದಲ್ಲಿ ನಿಲ್ಲಿಸುತ್ತಾನೆ. ನಷ್ಟವನ್ನು ತುಂಬಿಕೊಳ್ಳಲು ಗುರುತಿಲ್ಲದ ಗಿರಾಕಿಯಿಂದ ನಾಲ್ಕು ರೂಪಾಯಿ ಹೆಚ್ಚು ಪಡೆಯುತ್ತಾನೆ. ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಆ ಸಂಬಂಧಿಕನನ್ನು ನಿಂದಿಸುತ್ತಾನೆ. ಅವನು ಬಿಟ್ಟುಕೊಟ್ಟದ್ದು ಐಕ್ಯಭಾವದಿಂದಲ್ಲ, ಅಂಜಿಕೆಯಿಂದ. ಅಂಜಿಕೆಯಿಂದ ಬಿಟ್ಟುದು ದಾಸೋಹವಾಗದು. ಅದು ಸಾವಕಾಶವಾಗಿ ದ್ವೇಷವಾಗುತ್ತದೆ. ಯುಕ್ತವಾದ ಬೆಲೆಯನ್ನು ಮೃದುವಾದ ಮಾತಿನಲ್ಲಿ ಕೇಳುವುದರಿಂದ ಬಾಂಧವ್ಯ ಕೆಡುವುದೆಂಬ ಭಯವೇನೋ ಇದೆ. ಕೇಳದೆ ಕೆಟ್ಟ ಬಾಂಧವ್ಯಗಳ ಸಂಖ್ಯೆ ಅದಕ್ಕಿಂತ ಹೆಚ್ಚೆಂಬುದನ್ನು ಸಣ್ಣ ಊರುಗಳಲ್ಲಿ ಬಾಳಿದವರೆಲ್ಲರೂ ಬಲ್ಲರು.

ವಿಧವೆಯ ವಿಷಯ ಬೇರೆ. ಅಲ್ಲಿ ದರ್ಜಿಯು ಕೇಳಬಾರದು. ಆದರೆ ಕೇಳದೆ ಸುಮ್ಮನಿದ್ದರೂ ಸಾಲದು. ಆಕೆ ಆ ಅಂಗಡಿಯ ಮುಂದೆ ಹಾದುಹೋಗುವಾಗ ಸೆರಗನ್ನು ಮುಖಕ್ಕೆಳೆದುಕೊಂಡು ಆಚೆಯ ಬದಿಯಿಂದ ನಡೆಯುತ್ತಾಳೆ. ಬಾಕಿಯೆಂಬುದು ಪುಸ್ತಕದಲ್ಲಿರುವವರೆಗೂ ಆಕೆಗೆ ಆ ಬೀದಿಯು ಅರ್ಧವೇ. ಆಕೆಯನ್ನು ಕರೆದು, ಪುಟವನ್ನು ತೋರಿಸಿ, ಆಕೆಯ ಎದುರಿಗೇ ಗೆರೆ ಹೊಡೆದು, ಈ ಲೆಕ್ಕ ಮುಗಿಯಿತೆಂದು ಹೇಳಬೇಕು. ಅದು ದಾಸೋಹ. ಕೊಟ್ಟವನಿಗೆ ತಾನೇನು ಕೊಟ್ಟೆನೆಂಬ ಅರಿವಿದೆ, ಪಡೆದವಳಿಗೆ ಋಣದ ಅಳುಕಿಲ್ಲ. ಅರಿವಿಲ್ಲದೆ ಜಾರಿಹೋದ ಹಣಕ್ಕೂ ಅರಿತು ಸಲ್ಲಿಸಿದ ಹಣಕ್ಕೂ ಮೊತ್ತದಲ್ಲಿ ಭೇದವಿಲ್ಲದಿರಬಹುದು. ಅದರಿಂದಲೇ ಇವೆರಡನ್ನೂ ಒಂದೆಂದು ತಿಳಿಯುವ ಪ್ರಮಾದವಾಗುವುದು.

ಇಲ್ಲಿಯವರೆಗಿನ ಮಾತು ಅಂಗಡಿಯಲ್ಲಿ ಕುಳಿತವನನ್ನು ಕುರಿತುದಾಯಿತು. ಅಂಗಡಿಯ ಮುಂದೆ ನಿಂತವರನ್ನು ಬಿಟ್ಟರೆ ನ್ಯಾಯವಾಗದು. ಭಕ್ತರೆನಿಸಿದ ಗೃಹಸ್ಥರು ದೊಡ್ಡ ಪಟ್ಟಣದ ಅಂಗಡಿಗೆ ಹೋದರೆ ಚೀಟಿಯಲ್ಲಿ ಬರೆದ ಬೆಲೆಯನ್ನು ತುಟಿ ಎರಡಾಗಿಸದೆ ಕೊಟ್ಟು ಬರುತ್ತಾರೆ. ಓಣಿಯ ಕ್ಷೌರಿಕನ ಹತ್ತಿರ ಮಾತ್ರ ಚೌಕಾಸಿ. ಓಣಿಯ ಇಸ್ತ್ರಿಯವನಿಗೆ ಮಾತ್ರ 'ಆಮೇಲೆ ಕೊಟ್ಟರಾಯಿತು'. ಹಡಪದ ಅಪ್ಪಣ್ಣನನ್ನೂ ಮಡಿವಾಳ ಮಾಚಯ್ಯನನ್ನೂ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಎದುರಿಗೆ ಸರಿಸಮನಾಗಿ ಕುಳ್ಳಿರಿಸಿದ ಧರ್ಮದವರು, ಆ ಕಾಯಕಗಳನ್ನೇ ಮಾಡುವವನ ಕೂಲಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಅವರ ಜಯಂತಿಗಳಂದು ಭಾಷಣವನ್ನು ಕೇಳಿ ಬರುವುದು ಎಂತಹ ವಿಪರ್ಯಾಸ! ಉತ್ಸವದ ಪತಾಕೆ ಹೊಲಿಯುವುದಿರಲಿ, ಪ್ರಸಾದದ ಪಾತ್ರೆಗೆ ಕಲಾಯಿ ಹಾಕಿಸುವುದಿರಲಿ, ಊರಿನ ಸಮಿತಿಗಳು ಇದನ್ನು ಸೇವೆಯೆಂದು ಹೇಳಿ ಪುಕ್ಕಟೆಯಾಗಿ ಮಾಡಿಸುವುದು ಎಷ್ಟೋ ಕಡೆಗಳಲ್ಲಿದೆ. ಸೇವೆಯನ್ನು ಮಾಡುವವನು ತಾನಾಗಿ ನುಡಿಯಬೇಕು. ಮಾಡಿಸಿಕೊಳ್ಳುವವರು ಆ ಹೆಸರನ್ನಿಡುವುದು ಸಲ್ಲದು. ಮೊದಲು ಕೂಲಿಯನ್ನು ಅವನ ಕೈಯಲ್ಲಿಡಲಿ. ಅವನು ಅದನ್ನು ಹುಂಡಿಗೆ ಹಾಕಿದರೆ ಅದು ಅವನ ಭಕ್ತಿ, ಮಗನ ಶಾಲೆಯ ಶುಲ್ಕಕ್ಕೆ ಕೊಟ್ಟರೆ ಅದೂ ಅವನ ಭಕ್ತಿಯೇ.

ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ. ಸಣ್ಣ ಊರಿನಲ್ಲಿ ಒಬ್ಬನ ಹೆಸರು ಒಬ್ಬನದಾಗಿ ಉಳಿಯುವುದಿಲ್ಲ. ಬಂಗಾರಪೇಟೆಯ ಪಾನಿಪುರಿಯ ಖ್ಯಾತಿಯನ್ನು ಕೇಳದವರು ವಿರಳ. ಬಣ್ಣವಿಲ್ಲದ ತಿಳಿನೀರಿನಲ್ಲಿ ಖಾರವನ್ನಡಗಿಸಿಟ್ಟ ಆ ತಿನಿಸಿನ ಹೆಸರನ್ನು ಬೆಂಗಳೂರಿನ ಬೀದಿಬೀದಿಗಳ ಗಾಡಿಗಳ ಮೇಲೆ ಬರೆದಿರುತ್ತಾರೆ. ತಿಂಡಿಯ ಮಾತು ಧರ್ಮಚಿಂತನೆಯ ನಡುವೆ ಏಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ನೀರು ತಿಳಿಯಾಗಿದ್ದರೆ ಅದರಲ್ಲಿ ಏನು ಬಿದ್ದಿದ್ದರೂ ಕಾಣುತ್ತದೆ. ಒಬ್ಬ ಗಾಡಿಯವನು ಕೈ ತೊಳೆಯದಿದ್ದರೆ ಹೆಸರು ಕೆಡುವುದು ಒಂದು ಪೇಟೆಯದು. ಪರಿಚಿತರ ನಡುವೆ ದುಡಿಯುವವನ ನಾಲಗೆಗೂ ಇದೇ ಮಾತು ಅನ್ವಯಿಸುತ್ತದೆ. ಕ್ಷೌರಿಕನಿಗೂ ದರ್ಜಿಗೂ ಮನೆಮನೆಯ ಗುಟ್ಟು ಗೊತ್ತು. ಆ ಗುಟ್ಟನ್ನು ಮುಂದಿನ ಗಿರಾಕಿಗೆ ಹೇಳುವುದು ಬೆಲೆಯಲ್ಲಿ ಮೋಸ ಮಾಡುವುದಕ್ಕಿಂತ ಕಡಿಮೆಯ ಕಳವಲ್ಲ.

ಗಣಿ ಮುಚ್ಚಿದ ಮೇಲೆ ಆ ಊರಿನ ಬಾಳು ರೈಲಿನ ಗಂಟೆಗಳಿಗೆ ಹೊಂದಿಕೊಂಡಿತು. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯು ಕೆಲವರಿಗೆ ಆಶ್ರಯವಾಯಿತಾದರೂ ಸಾವಿರಾರು ಮಂದಿ ನಸುಕಿನಲ್ಲಿಯೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಲ್ಲಿ ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು, ಕತ್ತಲಾದ ಮೇಲೆ ಮರಳುತ್ತಾರೆ. ಹಗಲಿನಲ್ಲಿ ಗಿರಾಕಿಗಳಿಲ್ಲದ ಬೀದಿಯಲ್ಲಿ ದರ್ಜಿಯು ಅಂಗಡಿಯನ್ನು ರಾತ್ರಿಯವರೆಗೆ ತೆರೆದಿಡಬೇಕಾಗುತ್ತದೆ.

ಅಂತಹ ಒಂದು ರಾತ್ರಿ ಆ ವಿಧವೆಯ ಮಗನು ರೈಲಿಳಿದು ನೇರವಾಗಿ ಅಂಗಡಿಗೆ ಬಂದನೆಂದು ಭಾವಿಸಬಹುದು. ಮೊದಲ ಸಂಬಳ ಬಂದಿದೆ. ತಂದೆಯ ಬಾಕಿಯನ್ನು ತೀರಿಸುತ್ತೇನೆ, ಇಷ್ಟು ವರ್ಷಗಳ ಬಡ್ಡಿಯನ್ನೂ ಸೇರಿಸಿ ಹೇಳಿ ಎಂದು ಕೇಳುತ್ತಾನೆ. ದರ್ಜಿಯು ಪುಸ್ತಕವನ್ನು ತೆಗೆದು ಗೆರೆ ಹೊಡೆದ ಪುಟವನ್ನು ತೋರಿಸುತ್ತಾನೆ. ಅದು ನಿನ್ನ ತಾಯಿಯ ಎದುರಿಗೆ ಮುಗಿದ ಲೆಕ್ಕ, ಮುಗಿದುದಕ್ಕೆ ಹಣ ಪಡೆಯುವ ಅಧಿಕಾರ ತನಗಿಲ್ಲ ಎನ್ನುತ್ತಾನೆ. ಹುಡುಗನು ನೋಟುಗಳನ್ನು ಕೈಯಲ್ಲಿಯೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಕೆಲಸಕ್ಕೆ ಹಾಕಿಕೊಂಡು ಹೋಗಲು ಒಂದು ಅಂಗಿ ಬೇಕಾಗಿದೆಯೆನ್ನುತ್ತಾನೆ. ದರ್ಜಿಯು ಅಳತೆಯ ಪಟ್ಟಿಯನ್ನು ಕೊರಳಿನಿಂದ ತೆಗೆದು, ಭುಜ, ತೋಳು, ಎದೆಯ ಅಳತೆ ಬರೆದುಕೊಂಡು, ಹೊಸ ಪುಟದಲ್ಲಿ ಪೂರ್ತಿ ಕೂಲಿಯನ್ನು ಬರೆಯುತ್ತಾನೆ.