ಅಶ್ವಶಿಕ್ಷಣವೂ ಆತ್ಮಶಿಕ್ಷಣವೂ



ಕುದುರೆಯನ್ನೇರಿ ಬರುವವನನ್ನು ಲೋಕವು ಕಣ್ಣೆತ್ತಿ ನೋಡುತ್ತದೆ. ಆ ಕುದುರೆಯ ಪಕ್ಕದಲ್ಲಿ ತಿಂಗಳುಗಟ್ಟಲೆ ನೆಲದ ಮೇಲೆ ನಡೆದು ಅದಕ್ಕೆ ನಡತೆಯನ್ನು ಕಲಿಸಿದವನನ್ನು ಯಾರೂ ನೋಡುವುದಿಲ್ಲ. ಸವಾರಿಯ ಸೊಗಸೆಲ್ಲವೂ ಆ ಕಾಣದ ನಡಿಗೆಯ ಫಲವಾಗಿರುತ್ತದೆ. ಅಲ್ಲಮಪ್ರಭುದೇವರು ತಮ್ಮ ಪ್ರಸಿದ್ಧವಾದ ವಚನವೊಂದರಲ್ಲಿ ಕುದುರೆಯ ಉಪಮೆಯಿಂದಲೇ, ತಮಗೆ ದೊರೆತುದನ್ನು ನಡೆಸಲರಿಯದೆ ಬೇರೊಂದಕ್ಕೆ ಹಂಬಲಿಸುವವರನ್ನು ಎಚ್ಚರಿಸಿದ್ದಾರೆ. ಕಠೋಪನಿಷತ್ತು ದೇಹವನ್ನು ರಥಕ್ಕೂ ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿ, ಅವುಗಳಲ್ಲಿ ಸದಶ್ವ, ದುಷ್ಟಾಶ್ವಗಳೆಂಬ ಭೇದವನ್ನು ಹೇಳುತ್ತದೆ. ಸದಶ್ವವು ಹುಟ್ಟಿನಿಂದಲೇ ಹಾಗೆ ಬಂದುದಲ್ಲ, ಶಿಕ್ಷಣದಿಂದ ಆದುದು. ಆ ಶಿಕ್ಷಣದ ಕ್ರಮವನ್ನು ಇಂದು ಕೊಂಚ ವಿಚಾರಿಸೋಣ.

ಕುದುರೆಯು ಹುಲ್ಲು ಮೇಯುವ ಪ್ರಾಣಿ. ಅದಕ್ಕೆ ಕೊಂಬಿಲ್ಲ, ಓಟವೇ ಅದರ ಮುಖ್ಯ ರಕ್ಷೆ. ಆದುದರಿಂದ ಮೊದಲು ಓಡಿ ಆಮೇಲೆ ವಿಚಾರಿಸುವುದು ಅದರ ಸ್ವಭಾವ. ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಸುತ್ತಲೂ ಬಹುಮಟ್ಟಿಗೆ ಅದಕ್ಕೆ ಕಾಣುವುದು. ಹಣೆಯ ನೇರ ಮುಂದೆ ಅತಿಸಮೀಪದಲ್ಲಿರುವುದೂ ಬಾಲದ ನೇರ ಹಿಂದಿರುವುದೂ ಮಾತ್ರ ಕಾಣದು. ಇದನ್ನರಿತವನು ಹಿಂದಿನಿಂದ ಹಠಾತ್ತನೆ ಬಾರದೆ, ಮೆಲುದನಿಯಲ್ಲಿ ಮಾತನಾಡಿಸುತ್ತ ಭುಜದ ಕಡೆಯಿಂದ ಬರುವನು. ನಾವು ಹಟವೆಂದು ಕರೆಯುವುದು ಬಹುವೇಳೆ ಅದರ ಭಯವಾಗಿರುತ್ತದೆ.

ಜೀನು ಹೊರಿಸುವುದಕ್ಕೆ ಬಹುಮುಂಚೆಯೇ ಪಾಠವು ನೆಲದ ಮೇಲೆ ಆರಂಭವಾಗುವುದು. ತಲೆಗೆ ಕಟ್ಟಿದ ಹಗ್ಗದೊಡನೆ ಜೊತೆಯಲ್ಲಿ ನಡೆಯುವುದು, ನಿಂತಾಗ ನಿಲ್ಲುವುದು, ಹೇಳಿದಾಗ ಎರಡು ಹೆಜ್ಜೆ ಹಿಂದೆ ಸರಿಯುವುದು, ಒಂದೊಂದಾಗಿ ಕಾಲೆತ್ತಿ ಗೊರಸನ್ನು ತೋರುವುದು, ಮೈಯುಜ್ಜುವಾಗ ಶಾಂತವಾಗಿರುವುದು, ಇವೇ ಅದರ ಅಕ್ಷರಾಭ್ಯಾಸ. ಮರಿಯಾಗಿದ್ದಾಗ ಅದು ಮೂತಿಯಿಂದ ತಳ್ಳಿದರೆ ನಾವು ನಕ್ಕು ಬೆಲ್ಲ ಕೊಡುತ್ತೇವೆ. ಬೆಳೆದು ನಾಲ್ಕೈದು ನೂರು ಕಿಲೋ ತೂಗುವಾಗ ಅದೇ ರೀತಿ ತಳ್ಳಿದರೆ ಚಾವಟಿ ಹುಡುಕುತ್ತೇವೆ. ತಳ್ಳಿದರೆ ಬೆಲ್ಲ ಸಿಗುವುದೆಂದು ಕಲಿಸಿದವರು ಯಾರು?

ಈ ವಿದ್ಯೆಯ ಗುಟ್ಟೆಲ್ಲ ಹಗ್ಗ ಹಿಡಿದ ಕೈಯಲ್ಲಿದೆ. ಹಗ್ಗವನ್ನು ಮೆಲ್ಲನೆ ಎಳೆದಾಗ ಕುದುರೆ ಮೊದಲು ಬಿಗಿದು ನಿಲ್ಲುವುದು. ಶಿಕ್ಷಕನು ಜಗ್ಗಾಡದೆ ಕಾಯುವನು. ಅದು ಒಂದು ಹೆಜ್ಜೆ ಇಟ್ಟಿತೋ, ಇಡಲೆಂದು ಮೈಯನ್ನು ಮುಂದಕ್ಕೆ ವಾಲಿಸಿತೋ, ಆ ಕ್ಷಣದಲ್ಲಿಯೇ ಕೈ ಸಡಿಲಿಸಬೇಕು. ಎಳೆತದಿಂದ ಕುದುರೆಗೆ ಪ್ರಶ್ನೆ ಮಾತ್ರ ತಿಳಿಯುವುದು. ತನ್ನ ಉತ್ತರ ಸರಿಯೆಂಬುದು ಸಡಿಲಿಕೆಯಿಂದ ತಿಳಿಯುವುದು. ಅದು ಬಿಗಿದು ನಿಂತಾಗ ಸಡಿಲಿಸಿದರೆ ಬಿಗಿಯುವುದನ್ನೇ ಕಲಿಯುವುದು. ಬಾಗಿದ ಮೇಲೂ ಸಡಿಲಿಸದಿದ್ದರೆ, ಬಾಗಿ ಫಲವಿಲ್ಲವೆಂದು ಮಂಕಾಗುವುದು ಇಲ್ಲವೆ ತಿರುಗಿ ಬೀಳುವುದು. ತಪ್ಪಿಸಿಕೊಂಡು ಓಡಿದ ಕುದುರೆ ತಾನಾಗಿ ಹತ್ತಿರ ಬಂದಾಗ ಹೊಡೆದರೆ, ಓಡಿದುದಕ್ಕೆ ಹೊಡೆದರೆಂದು ಅದು ತಿಳಿಯದು. ಬಂದುದಕ್ಕೆ ಹೊಡೆದರೆಂದೇ ತಿಳಿಯುವುದು.

ಇದು ಹೊಸ ಮಾತಲ್ಲ. ಸುಮಾರು 2,400 ವರ್ಷಗಳ ಹಿಂದೆ ಅಥೆನ್ಸಿನ ಕ್ಸೆನೊಫನ್ ಎಂಬ ಯೋಧನು ಗ್ರೀಕ್ ಭಾಷೆಯಲ್ಲಿ ಬರೆದ ಅಶ್ವಶಾಸ್ತ್ರದಲ್ಲಿ, ಕೋಪದಿಂದ ಕುದುರೆಯ ಬಳಿಗೆ ಹೋಗಲಾಗದೆಂದು ವಿಧಿಸಿದ್ದಾನೆ. ಹೆದರಿದ ಕುದುರೆಯನ್ನು ಹೊಡೆದರೆ, ಆ ನೋವು ತಾನು ಹೆದರಿದ ವಸ್ತುವಿನಿಂದಲೇ ಬಂತೆಂದು ಅದು ಭಾವಿಸಿ ಇನ್ನಷ್ಟು ಹೆದರುವುದೆಂಬುದು ಆತನ ಅನುಭವದ ಮಾತು.

ಇದನ್ನು ಬರೆಯುತ್ತಿರುವವನೂ ನಿರ್ದೋಷಿಯಲ್ಲ. ನಾನು ಪಾಠಶಾಲೆಗೆ ಸೇರಿದ ಹೊಸತರಲ್ಲಿ ಒಬ್ಬ ಬಾಲಕನು ಒಂದು ಪುಸ್ತಕವನ್ನು ಕೆಡಿಸಿದ್ದನು. ಕೇಳಿದಾಗ ಮೊದಲು ಅಲ್ಲಗಳೆದನು; ಗದರಿಸಲು ಅಳುತ್ತ ನಿಜವನ್ನು ಒಪ್ಪಿಕೊಂಡನು. ಕೈ ಸಡಿಲಿಸಬೇಕಾದ ಕ್ಷಣ ಅದೇ ಆಗಿತ್ತು. ನಾನಾದರೋ ಸಿಟ್ಟು ತೀರುವವರೆಗೆ ಹೊಡೆದೆನು. ಆ ಹುಡುಗನು ಮುಂದೆ ನನ್ನೆದುರಿಗೆ ತಲೆತಗ್ಗಿಸಿ ನಡೆದನು, ಎಂದೂ ಎದುರಾಡಲಿಲ್ಲ. ಆದರೆ ನಿಜವನ್ನೂ ಎಂದೂ ಹೇಳಲಿಲ್ಲ. ನಿಜ ಹೇಳಿದರೆ ಪೆಟ್ಟು ಬೀಳುವುದೆಂಬ ಪಾಠವನ್ನು ನಾನೇ ಕಲಿಸಿದ್ದೆನು. ಊರಿನವರು ನನ್ನ ಶಿಸ್ತನ್ನು ಹೊಗಳಿದರು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಗೃಹಸ್ಥರೇ, ನಿಮ್ಮ ಮನೆಗಳಲ್ಲಿಯೂ ಇದನ್ನು ನೋಡಿಕೊಳ್ಳಿರಿ. ತಡವಾಗಿಯಾದರೂ ಮಗನು ಬಂದು ತಪ್ಪೊಪ್ಪಿದಾಗ ಹಳೆಯ ಲೆಕ್ಕವನ್ನೆಲ್ಲ ತೆಗೆಯುತ್ತೀರೋ? ಸೊಸೆಯು ನಿಮ್ಮ ಮಾತಿನಂತೆ ನಡೆದ ಮೇಲೂ ಮಾತಿನ ಹಗ್ಗವನ್ನು ಜಗ್ಗುತ್ತೀರೋ? ದಯೆಯೇ ಧರ್ಮದ ಮೂಲವೆಂದು ಬಸವಣ್ಣನವರು ಸಾರಿದುದು ಸಕಲ ಪ್ರಾಣಿಗಳನ್ನು ಕುರಿತು. ದಯೆಯೆಂದರೆ ಹಗ್ಗವನ್ನೇ ಬಿಟ್ಟುಬಿಡುವ ಸಲಿಗೆಯಲ್ಲ. ಹಿಡಿಯುವುದನ್ನೂ ಬಿಡುವುದನ್ನೂ ಹೊತ್ತರಿತು ಮಾಡುವ ಎಚ್ಚರ.

ನಮ್ಮ ಮನಸ್ಸಿನ ವಿಷಯದಲ್ಲಿಯೂ ಇದೇ ಕ್ರಮ. ಪೂಜೆಗೆ ಕುಳಿತಾಗ ಅದು ಓಡುವುದು. ಓಡಿತೆಂದು ಬೈದುಕೊಳ್ಳಬೇಡಿರಿ, ಮರಳಿ ಬಂದಾಗ ಪ್ರೀತಿಯಿಂದ ಬರಮಾಡಿಕೊಳ್ಳಿರಿ. ದಿನಕ್ಕೆ ಸ್ವಲ್ಪವೇ ಆಗಲಿ, ತಪ್ಪದೆ ನಡೆಯಿಸಿರಿ. ಶಿಕ್ಷಕನು ಮೊದಲು ಆಳಬೇಕಾದುದು ತನ್ನ ಸಿಟ್ಟನ್ನು. ಹಗ್ಗದ ಒಂದು ತುದಿಯಲ್ಲಿ ಕುದುರೆ ಕಲಿಯುತ್ತಿರುವಾಗ, ಇನ್ನೊಂದು ತುದಿಯಲ್ಲಿರುವವನೂ ಕಲಿಯುತ್ತಲೇ ಇರಬೇಕು.